ನಗರವೆಂಬುದರ ಲಕ್ಷಣವಿಚಾರ

ಯಾವ ವಸ್ತುವಿಗೇ ಆಗಲಿ, ನಿರ್ದುಷ್ಟವಾದ ಲಕ್ಷಣವನ್ನು ಹೇಳುವದು ಸುಲಭವಲ್ಲವೆಂಬುದು ತರ್ಕಶಾಸ್ತ್ರದ ಮೊದಲನೆಯ ಪಾಠಗಳಲ್ಲಿಯೇ ವಿದ್ಯಾರ್ಥಿಗೆ ತಿಳಿದುಬರುತ್ತದೆ. ಗೋವಿನ ಲಕ್ಷಣವೇನೆಂದು ಗುರುಗಳು ಕೇಳಿದಾಗ, ಕೊಂಬುಳ್ಳದ್ದು ಗೋವು ಎಂದು ಶಿಷ್ಯನು ಹೇಳಿದರೆ ಎಮ್ಮೆಯೂ ಗೋವಾಗಿಬಿಡುವದು, ಇದು ಅತಿವ್ಯಾಪ್ತಿ. ಕಪಿಲವರ್ಣದ್ದು ಗೋವು ಎಂದರೆ ಬಿಳಿಯ ಆಕಳು ಕೊಟ್ಟಿಗೆಯ ಹೊರಗೆ ನಿಲ್ಲುವದು, ಇದು ಅವ್ಯಾಪ್ತಿ. ಒಂಟಿಗೊರಸುಳ್ಳದ್ದು ಎಂದರಂತೂ ಲೋಕದ ಒಂದು ಗೋವಿಗೂ ಅದು ಹೊಂದಲಾರದು, ಇದು ಅಸಂಭವ. ಕಡೆಗೆ ಗಂಗೆದೊಗಲುಳ್ಳದ್ದು ಗೋವು ಎಂಬಲ್ಲಿ ವಿಚಾರವು ನಿಲ್ಲುತ್ತದೆ. ಇಷ್ಟೆಲ್ಲ ಶ್ರಮವೇತಕ್ಕೆಂದರೆ, ಒಂದನ್ನು ಮತ್ತೊಂದರಿಂದ ಬೇರ್ಪಡಿಸುವದಕ್ಕೆ, ಮತ್ತು ಲೋಕವ್ಯವಹಾರವು ಗೊಂದಲವಿಲ್ಲದೆ ನಡೆಯುವದಕ್ಕೆ. ಲಕ್ಷಣಕ್ಕೆ ಈ ಎರಡೇ ಪ್ರಯೋಜನಗಳೆಂದು ಶಾಸ್ತ್ರಜ್ಞರು ಹೇಳುವರು.

ಗೋವಿನ ಮಾತು ಪಾಠಶಾಲೆಗೆ ಸಾಕು. ಆದರೆ ೨೦೨೫ನೆಯ ಇಸವಿಯ ಜನವರಿ ೨ರಂದು ಕರ್ನಾಟಕದ ಸಚಿವ ಸಂಪುಟವು ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಯನ್ನು ಕೊಡಲು ಒಪ್ಪಿಕೊಂಡು, ಅದೇ ತಿಂಗಳಲ್ಲಿ ಕರಡು ಅಧಿಸೂಚನೆಯೂ ಹೊರಟ ಮೇಲೆ, ಇದೇ ಪ್ರಶ್ನೆಯು ಬೇರೊಂದು ರೂಪದಲ್ಲಿ ಈ ಭಾಗದ ಮನೆಮನೆಯ ಜಗುಲಿಯನ್ನು ಏರಿ ಕುಳಿತಿತು. ನಗರವೆಂದರೇನು? ಅರವತ್ತಕ್ಕೂ ಮಿಕ್ಕ ವರ್ಷ ಒಂದೇ ಎಂದು ಕರೆಯಿಸಿಕೊಂಡ ಊರು ಒಂದು ಅಧಿಸೂಚನೆಯಿಂದ ಎರಡಾಗುವದಾದರೆ, ಮೊದಲು ಅದು ಒಂದಾಗಿದ್ದದ್ದು ಯಾವ ಅರ್ಥದಲ್ಲಿ? ಸಾಮಾನ್ಯವಾಗಿ ಜನರು ಇದರಲ್ಲಿ ಲಾಭವೆಷ್ಟು, ಅನುದಾನವೆಷ್ಟು, ಯಾರಿಗೆ ಮಹಾಪೌರ ಪದವಿ ಎಂಬುದನ್ನಷ್ಟೇ ನೋಡುವರು. ಅದೂ ನೋಡತಕ್ಕದ್ದೇ, ಆದರೆ ಅದರ ಬುಡದಲ್ಲಿ ಒಂದು ಧರ್ಮಸೂಕ್ಷ್ಮವು ಅಡಗಿರುವದು.

ಮೊದಲು ಕಾಯಿದೆಯ ಮಾತನ್ನು ನೋಡಬೇಕು. ೧೯೯೨ರ ಡಿಸೆಂಬರದಲ್ಲಿ ಪಾರ್ಲಿಮೆಂಟು ಅಂಗೀಕರಿಸಿ, ೧೯೯೩ರ ಜೂನ್ ೧ರಿಂದ ಜಾರಿಗೆ ಬಂದ ೭೪ನೆಯ ತಿದ್ದುಪಡಿಯು ಭಾರತದ ಸಂವಿಧಾನದಲ್ಲಿ ಮೊದಲ ಸಲ ನಗರಗಳಿಗೊಂದು ಸ್ಥಾನವನ್ನು ಕೊಟ್ಟಿತು. ಅದರ ಪ್ರಕಾರ ಊರುಗಳು ಮೂರು ಬಗೆ: ಗ್ರಾಮತ್ವದಿಂದ ನಗರತ್ವಕ್ಕೆ ದಾಟುತ್ತಿರುವ ಪ್ರದೇಶ, ಸಣ್ಣ ನಗರ ಪ್ರದೇಶ, ದೊಡ್ಡ ನಗರ ಪ್ರದೇಶ. ಯಾವುದು ಯಾವ ಬಗೆಯೆಂಬುದನ್ನು ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಹುಟ್ಟುವ ಉತ್ಪನ್ನ, ಬೇಸಾಯೇತರ ಉದ್ಯೋಗದಲ್ಲಿರುವವರ ಪ್ರಮಾಣ, ಆರ್ಥಿಕ ಮಹತ್ವ ಮುಂತಾದವನ್ನು ಗಮನಿಸಿ ರಾಜ್ಯಪಾಲರು ಅಧಿಸೂಚನೆಯ ಮೂಲಕ ನಿರ್ಧರಿಸತಕ್ಕದ್ದು. ಅಂಕಿಗಳನ್ನು ಸಂವಿಧಾನವು ತಾನು ಹೇಳದೆ ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕದ ೧೯೭೬ರ ಮಹಾನಗರ ಪಾಲಿಕೆಗಳ ಕಾಯಿದೆಯು ಆ ಬಳಿಕ ದೊಡ್ಡ ನಗರಕ್ಕೆ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನ, ಚದರ ಕಿಲೊಮೀಟರಿಗೆ ಮೂರು ಸಾವಿರಕ್ಕೆ ಕಡಿಮೆಯಿಲ್ಲದ ಸಾಂದ್ರತೆ, ವರ್ಷಕ್ಕೆ ಆರು ಕೋಟಿ ರೂಪಾಯಿಯ ಅಥವಾ ತಲೆಗೆ ಇನ್ನೂರು ರೂಪಾಯಿಯಂತೆ ಲೆಕ್ಕಿಸಿದ ಉತ್ಪನ್ನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು, ಮತ್ತು ನೂರಕ್ಕೆ ಐವತ್ತಕ್ಕೆ ಕಡಿಮೆಯಿಲ್ಲದ ಬೇಸಾಯೇತರ ಉದ್ಯೋಗ, ಹೀಗೆ ಲಕ್ಷಣವನ್ನು ಕಟ್ಟಿತು. ಜನಗಣತಿಯವರ ಲಕ್ಷಣವು ಬೇರೆ: ಐದು ಸಾವಿರ ಜನ, ಚದರ ಕಿಲೊಮೀಟರಿಗೆ ನಾಲ್ಕುನೂರರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯವನ್ನು ಬಿಟ್ಟವರು. (ಹೆಂಗಸರ ದುಡಿಮೆಯು ಊರಿನ ಸ್ವರೂಪವನ್ನು ಹೇಗೆ ಬದಲಿಸದೋ ಗಣತಿಯವರೇ ಬಲ್ಲರು.)

ಈ ಲಕ್ಷಣಗಳನ್ನು ತಾರ್ಕಿಕನ ಕಣ್ಣಿನಿಂದ ನೋಡಿದರೆ ದೋಷಗಳು ತಾವಾಗಿ ಕಾಣಿಸಿಕೊಳ್ಳುತ್ತವೆ. ೨೦೦೧ರ ಗಣತಿಯಲ್ಲಿ, ಗಣತಿಯ ಲೆಕ್ಕಕ್ಕೆ ಪಟ್ಟಣವಾಗಿಯೂ ಆಡಳಿತದ ಲೆಕ್ಕಕ್ಕೆ ಗ್ರಾಮವಾಗಿಯೇ ಉಳಿದ ಊರುಗಳು ದೇಶದಲ್ಲಿ ೧,೩೬೨ ಇದ್ದವು. ೨೦೧೧ರಲ್ಲಿ ಅವು ೩,೮೦೦ನ್ನು ಮೀರಿದವು. ಪಟ್ಟಣವಾಗಿದ್ದೂ ಪಟ್ಟಣವೆನಿಸಿಕೊಳ್ಳದ ಇವೆಲ್ಲ ಅವ್ಯಾಪ್ತಿಗೆ ಉದಾಹರಣೆಗಳು. ಅತಿವ್ಯಾಪ್ತಿಯನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ನವಲೂರ ಸಿಗುವದು. ಧಾರವಾಡದ ಪೇರಲವೆಂದು ಪೇಟೆಯಲ್ಲಿ ಕೂಗಿ ಮಾರುವ ಹಣ್ಣಿಗೆ ಈ ಊರಿನ ತೋಟಗಳೇ ಹೆಸರಾದವು. ಆ ತೋಟಗಳ ಊರು ಪಾಲಿಕೆಯ ಗಡಿಯೊಳಗೆ ಸೇರಿದ್ದರಿಂದ ಕಾಯಿದೆಯ ದೃಷ್ಟಿಯಲ್ಲಿ ಮಹಾನಗರ. ಪೇರಲ ಗಿಡದ ದೃಷ್ಟಿಯಲ್ಲಿ ಏನೆಂಬುದನ್ನು ವಾಚಕರೇ ಹೇಳಬಹುದು.

ಹಿಂದಿನವರು ಈ ವಿಚಾರವನ್ನು ಬೇರೊಂದು ದಾರಿಯಿಂದ ಸಮೀಪಿಸಿದ್ದರು. ಕೌಟಿಲ್ಯನು ಜನಪದವನ್ನು ನೆಲೆಗೊಳಿಸುವ ಕ್ರಮವನ್ನು ಹೇಳುವಾಗ, ಎಂಟುನೂರು ಗ್ರಾಮಗಳ ನಡುವೆ ಸ್ಥಾನೀಯ, ನಾಲ್ಕುನೂರರ ನಡುವೆ ದ್ರೋಣಮುಖ, ಇನ್ನೂರರ ನಡುವೆ ಖಾರ್ವಟಿಕ, ಹತ್ತರ ನಡುವೆ ಸಂಗ್ರಹಣ ಎಂದು ವಿಧಿಸುತ್ತಾನೆ. ಅವನೂ ಸಂಖ್ಯೆಯನ್ನು ಬಿಟ್ಟವನಲ್ಲ. ಆದರೆ ಅವನು ಎಣಿಸುವದು ಪಟ್ಟಣದೊಳಗಿನ ತಲೆಗಳನ್ನಲ್ಲ, ಆ ಪಟ್ಟಣವು ಯಾವ ಹಳ್ಳಿಗಳಿಗೆ ನಡುಮನೆಯೋ ಆ ಹಳ್ಳಿಗಳನ್ನು. ಪಟ್ಟಣವು ಎಷ್ಟು ದೊಡ್ಡದೆಂಬುದಕ್ಕಿಂತ ಯಾರಿಗೆ ಬೇಕಾದದ್ದೆಂಬುದೇ ಅಲ್ಲಿ ಲಕ್ಷಣ. ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ಪತ್ತನ, ಪುಟಭೇದನ, ಸ್ಥಾನೀಯ, ನಿಗಮ ಎಂಬ ಶಬ್ದಗಳನ್ನು ನಗರಕ್ಕೆ ಪರ್ಯಾಯವಾಗಿ ಒಂದೇ ಸಾಲಿನಲ್ಲಿ ಕೂಡಿಸಿದ್ದಾನೆ. ಶಬ್ದಗಳ ಒಳಗೆ ಹೊಕ್ಕು ನೋಡಿದರೆ ಅವು ಬೇರೆ ಬೇರೆ ಊರುಗಳನ್ನೇ ತೋರಿಸುತ್ತವೆ. ಪುಟಭೇದನವೆಂದರೆ ಸರಕಿನ ಪೆಟ್ಟಿಗೆಗಳನ್ನು ಒಡೆಯುವ, ಮೂಟೆಗಳನ್ನು ಬಿಚ್ಚುವ ಸ್ಥಳವೆಂದು ವ್ಯಾಖ್ಯಾನಿಸುವದುಂಟು. ಸ್ಥಾನೀಯವೆಂದರೆ ಅಧಿಕಾರವು ಆಸನ ಹಾಕಿಕೊಂಡು ಕುಳಿತ ಸ್ಥಳ.

ಈ ಎರಡು ಶಬ್ದಗಳನ್ನು ಹಿಡಿದು ಹುಬ್ಬಳ್ಳಿ ಧಾರವಾಡಗಳನ್ನು ನೋಡಿದವರಿಗೆ ಅಮರನ ಸಾಲು ಹೊಸದಾಗಿ ಕಾಣದೆ ಇರದು. ಹುಬ್ಬಳ್ಳಿಯು ಪುಟಭೇದನ. ೧೭೨೭ರಲ್ಲಿ ಸವಣೂರ ನವಾಬರ ಅಪ್ಪಣೆ ಪಡೆದು ಬಸಪ್ಪಶೆಟ್ಟರೆಂಬ ವರ್ತಕರು ದುರ್ಗದ ಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರೆಂದು ಪ್ರಸಿದ್ಧಿಯಿದೆ; ಬಳಿಕ ಹತ್ತಿಯ ಪೇಟೆ, ರೇಲ್ವೆ ಕಾರಖಾನೆ, ಅಮರಗೋಳದ ಬಳಿಯ ಕೃಷಿ ಮಾರುಕಟ್ಟೆ, ೨೦೦೩ರಲ್ಲಿ ನೈರುತ್ಯ ರೇಲ್ವೆಯ ಮುಖ್ಯ ಕಚೇರಿ. ಧಾರವಾಡವು ಸ್ಥಾನೀಯ. ಜಿಲ್ಲೆಯ ಕಚೇರಿಗಳು, ೧೮೯೦ರ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೧೭ರ ಕರ್ನಾಟಕ ಕಾಲೇಜು, ಮುಂದೆ ವಿಶ್ವವಿದ್ಯಾಲಯ, ೨೦೦೮ರಲ್ಲಿ ಉಚ್ಚ ನ್ಯಾಯಾಲಯದ ಪೀಠ. ಒಂದು ಊರಿನವರು ಬೆಳಗಾದರೆ ಅಂಗಡಿಯ ಕದ ತೆರೆಯುವರು, ಮತ್ತೊಂದು ಊರಿನವರು ಪುಸ್ತಕ ತೆರೆಯುವರು ಎಂದು ಹಾಸ್ಯಕ್ಕೆ ಹೇಳಬಹುದು. ಹಾಸ್ಯವು ಪೂರ್ತಿ ನಿಜವಲ್ಲ. ಹುಬ್ಬಳ್ಳಿಯಲ್ಲಿ ವಿದ್ವಾಂಸರೂ ಧಾರವಾಡದಲ್ಲಿ ವ್ಯಾಪಾರಿಗಳೂ ಬೇಕಾದಷ್ಟು. ಕೋಶಕಾರನಿಗೆ ಪರ್ಯಾಯಪದಗಳಾದವು ಇಲ್ಲಿ ಪರ್ಯಾಯವಲ್ಲವೆಂಬುದಷ್ಟೇ ತಾತ್ಪರ್ಯ.

ಇವೆರಡನ್ನೂ ೧೯೬೨ರಲ್ಲಿ ಸರಕಾರದ ನಿರ್ಣಯವು ಒಂದೇ ಮಹಾನಗರ ಪಾಲಿಕೆಯ ಕೆಳಗೆ ತಂದಿತು. ಜನರು ಅವಳಿ ನಗರವೆಂದು ಕರೆಯತೊಡಗಿದರು. ನಡುವೆ ಇಪ್ಪತ್ತು ಕಿಲೊಮೀಟರಿನಷ್ಟು ದಾರಿ. ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರ, ನವಲೂರ, ಹೀಗೆ ಒಂದೊಂದಾಗಿ ದಾಟುತ್ತ ಹೋಗಬೇಕು. ನವನಗರವನ್ನಂತೂ ಎರಡೂ ಊರುಗಳನ್ನು ಹೊಲಿಯುವ ದಾರದಂತೆ ನಟ್ಟನಡುವೆಯೇ ಕಟ್ಟಿದರು. ೨೦೨೦ರಲ್ಲಿ ಪ್ರತ್ಯೇಕ ಪಥದ ತ್ವರಿತ ಬಸ್ಸುಗಳೂ ವಿಧ್ಯುಕ್ತವಾಗಿ ಪ್ರಾರಂಭವಾದವು. ಇಷ್ಟಾದರೂ ಧಾರವಾಡದವನು ಹುಬ್ಬಳ್ಳಿಗೆ ಹೊರಟಾಗ 'ಹುಬ್ಬಳ್ಳಿಗೆ ಹೋಗಿ ಬರ್ತೀನಿ' ಎಂದನೇ ಹೊರತು 'ಪೇಟೆಗೆ ಹೋಗಿ ಬರ್ತೀನಿ' ಎನ್ನಲಿಲ್ಲ. ಭಾಷೆಯು ಅಧಿಸೂಚನೆಗಳನ್ನು ಓದುವದಿಲ್ಲ. ಗ್ರೀಸ್ ದೇಶದ ಅರಿಸ್ಟಾಟಲನು ರಾಜ್ಯಶಾಸ್ತ್ರವನ್ನು ಬರೆಯುವಾಗ ಇದೇ ಸಂಶಯವನ್ನು ಎತ್ತಿದ್ದುಂಟು: ಒಂದು ಗೋಡೆಯೊಳಗೆ ಇದ್ದ ಮಾತ್ರಕ್ಕೆ ಒಂದು ನಗರವಾಗುವದೇ? ಪೆಲೊಪೊನೀಸಸ್ ಎಂಬ ಇಡೀ ಪ್ರಾಂತಕ್ಕೆ ಸುತ್ತ ಗೋಡೆ ಕಟ್ಟಿದರೂ ಅದು ನಗರವಾಗದೆಂದು ಅವನ ಅಭಿಪ್ರಾಯ. ಬ್ಯಾಬಿಲೋನ್ ಶತ್ರುವಿನ ವಶವಾಗಿ ಮೂರು ದಿನಗಳಾದರೂ ಆ ಊರಿನ ಒಂದು ಭಾಗಕ್ಕೆ ಸುದ್ದಿಯೇ ತಿಳಿದಿರಲಿಲ್ಲವೆಂಬ ವದಂತಿಯನ್ನು ಅವನು ಅಲ್ಲಿ ಉದಾಹರಿಸುತ್ತಾನೆ. ಒಂದು ಭಾಗದ ಸುಖದುಃಖವು ಮತ್ತೊಂದು ಭಾಗಕ್ಕೆ ತಾಕದಲ್ಲಿ ಗೋಡೆಯು ಕೇವಲ ಗೋಡೆಯೇ.

ಹಾಗಾದರೆ ಕಾಯಿದೆಯ ಲಕ್ಷಣವೆಲ್ಲ ವ್ಯರ್ಥವೇ? ಹಾಗೆ ಹೇಳುವದು ಅವಸರದ ಮಾತು. ಚರಂಡಿ ಯಾರು ತೋಡಿಸಬೇಕು, ದೀಪ ಯಾರು ಹಚ್ಚಿಸಬೇಕು, ಕಂದಾಯ ಯಾರಿಗೆ ಸಲ್ಲಬೇಕು ಎಂಬುದಕ್ಕೆ ಗೆರೆಯೊಂದು ಬೇಕೇಬೇಕು. ಲಕ್ಷಣದ ಎರಡನೆಯ ಪ್ರಯೋಜನವಾದ ವ್ಯವಹಾರವು ಅದಿಲ್ಲದೆ ಸಾಗದು. ದೋಷವಿರುವದು ಅಂಕಿಗಳಲ್ಲಿ ಅಲ್ಲ. ಗೋವಿನ ಲಕ್ಷಣಕ್ಕೂ ನಗರದ ಲಕ್ಷಣಕ್ಕೂ ನಡುವೆ ಇರುವ ಒಂದು ಭೇದವನ್ನು ಮರೆತಲ್ಲಿ ದೋಷವು ಹುಟ್ಟುತ್ತದೆ. ಗೋವಿಗೆ ನೈಯಾಯಿಕನು ಯಾವ ಲಕ್ಷಣವನ್ನು ಹೇಳಿದರೂ ಗೋವಿನ ಕೂದಲೊಂದೂ ಕೊಂಕದು. ತಪ್ಪು ಲಕ್ಷಣದಿಂದ ಅದರ ಹಾಲು ಕಡಿಮೆಯಾಗದು. ಊರಿನ ಸಂಗತಿ ಹಾಗಲ್ಲ. ಇದು ನಗರವೆಂದು ಕಾಯಿದೆಯು ಹೇಳಿದ ಮರುದಿನವೇ ಊರು ಬೇರೆಯಾಗುತ್ತದೆ. ಇಲ್ಲಿ ಲಕ್ಷಣವು ಲಕ್ಷ್ಯವನ್ನೇ ಬದಲಿಸಿಬಿಡುತ್ತದೆ.

ಏನು ಬದಲಾಗುವದೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಸಂವಿಧಾನದ ೭೩ನೆಯ ತಿದ್ದುಪಡಿಯ ಮೇರೆಗೆ ಗ್ರಾಮದ ಮತದಾರನು ಗ್ರಾಮಸಭೆಯ ಸದಸ್ಯನು. ಯಾರೂ ಅವನನ್ನು ಆರಿಸಬೇಕಾಗಿಲ್ಲ, ನೇಮಿಸಬೇಕಾಗಿಲ್ಲ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ಕೆರೆಯ ಹೂಳು ತೆಗೆಯಿಸಿದ ಲೆಕ್ಕವನ್ನು ಕೇಳುವ ಅಧಿಕಾರ ಅವನಿಗೆ ಹುಟ್ಟಿನಿಂದಲ್ಲದಿದ್ದರೂ ಮತಪಟ್ಟಿಯಿಂದ ಬಂದಿರುತ್ತದೆ. ಅದೇ ಊರು ಮಹಾನಗರಕ್ಕೆ ಸೇರಿದ ದಿನ ಆ ಸಭೆಯು ಇಲ್ಲವಾಗುವದು. ಅವನಿಗೆ ಐದು ವರ್ಷಕ್ಕೊಂದು ಮತವುಂಟು, ಸಾವಿರಾರು ಜನರಿಗೆ ಒಬ್ಬರಂತೆ ಸದಸ್ಯರುಂಟು. ಮೂರು ಲಕ್ಷಕ್ಕೆ ಮೇಲ್ಪಟ್ಟ ನಗರಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ೭೪ನೆಯ ತಿದ್ದುಪಡಿಯು ಹೇಳಿದರೂ, ಆ ಸಮಿತಿಯು ಎಲ್ಲರೂ ಕೂಡುವ ಸಭೆಯಲ್ಲ. ಇನ್ನು ಕೂಲಿಯ ಮಾತು. ೨೦೦೫ರಲ್ಲಿ ಪಾರ್ಲಿಮೆಂಟು ಮಾಡಿದ ಉದ್ಯೋಗ ಖಾತರಿಯ ಕಾಯಿದೆಯು ವರ್ಷಕ್ಕೆ ನೂರು ದಿನದ ಕೆಲಸವನ್ನು ಗ್ರಾಮೀಣ ಕುಟುಂಬಗಳಿಗೆ ಮಾತ್ರ ವಾಗ್ದಾನ ಮಾಡಿತು. ಪಾಲಿಕೆಯ ಗೆರೆಯ ಆಚೆಯ ಹೊಲದಲ್ಲಿ ಕಳೆ ಕೀಳುವವಳಿಗೂ ಈಚೆಯ ತೋಟದಲ್ಲಿ ಹಣ್ಣು ಬಿಡಿಸುವವಳಿಗೂ ಹಸಿವು ಒಂದೇ ಆಗಿರಲು, ಒಬ್ಬಳಿಗೆ ಆ ವಾಗ್ದಾನವು ಸಂದಿತು, ಮತ್ತೊಬ್ಬಳು ಮಹಾನಗರದ ನಿವಾಸಿಯೆಂಬ ಗೌರವವನ್ನು ಪಡೆದಳು. ಕೆಲವರಿಗೆ ಲಾಭವೂ ಆಗುವದುಂಟು. ಹೊಲವಿದ್ದವನಿಗೆ ನೆಲದ ಬೆಲೆ ಏರುವದು, ನಳದ ನೀರು ಬರುವ ಆಸೆ ಹುಟ್ಟುವದು. ಲಾಭವೋ ನಷ್ಟವೋ, ಎರಡೂ ಆತನನ್ನು ಕೇಳದೆಯೇ ಆತನ ಹೊಸ್ತಿಲಿಗೆ ಬರುತ್ತವೆ.

ಕೇಳಬೇಕಾಗಿತ್ತೇ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಕೇಳಿಯೇ ಮಾಡಿದ ದೇಶಗಳೂ ಉಂಟು. ಅಮೇರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೧೮೨೦ರಲ್ಲಿ ಕೂಡಿದ ಸಂವಿಧಾನ ಪರಿಷತ್ತು ಕೆಲವು ತಿದ್ದುಪಡಿಗಳನ್ನು ಸೂಚಿಸಿ ಜನರ ಮುಂದಿಟ್ಟಿತು. ೧೮೨೧ರಲ್ಲಿ ಜನರು ಮತವಿತ್ತು ಒಪ್ಪಿದವುಗಳಲ್ಲಿ ಎರಡನೆಯದು ನಗರಗಳನ್ನು ಕುರಿತದ್ದು. ಅದುವರೆಗೆ ಬೋಸ್ಟನ್ ಊರು ನಾಲ್ವತ್ತು ಸಾವಿರ ಜನವನ್ನು ಮೀರಿ ಬೆಳೆದಿದ್ದರೂ, ಎಲ್ಲ ಮತದಾರರೂ ಒಂದೆಡೆ ಕೂಡುವ ಊರಸಭೆಯಿಂದಲೇ ಆಳಿಕೊಳ್ಳುತ್ತಿತ್ತು. ಆ ಪದ್ಧತಿಯನ್ನು ಬಿಡುವ ಸೂಚನೆಗಳನ್ನು ಊರಿನವರು ಹಲವು ಸಲ ತಳ್ಳಿಹಾಕಿದ್ದರು. ತಿದ್ದುಪಡಿಯು ಎರಡು ಮಾತುಗಳನ್ನು ಹೇಳಿತು. ಹನ್ನೆರಡು ಸಾವಿರಕ್ಕಿಂತ ಕಡಿಮೆ ಜನವುಳ್ಳ ಊರಿಗೆ ನಗರ ಸರಕಾರವನ್ನು ಕೊಡತಕ್ಕದ್ದಲ್ಲ. ಅಷ್ಟು ಜನವಿದ್ದರೂ, ಆ ಊರಿನವರು ಸಭೆ ಸೇರಿ ಬಹುಮತದಿಂದ ತಾವಾಗಿ ಬೇಡಿದ ಹೊರತು ಕೊಡತಕ್ಕದ್ದಲ್ಲ. ಮರುವರ್ಷ, ೧೮೨೨ರಲ್ಲಿ, ಬೋಸ್ಟನ್ನಿನವರು ಮತ ಹಾಕಿ ನಗರವಾದರು. ಆ ಮತವು ಗಂಡಸರದಷ್ಟೇ ಆಗಿತ್ತೆಂಬ ಕುಂದನ್ನು ಮುಚ್ಚಿಡಬಾರದು. ಆದರೂ ಲಕ್ಷಣದ ಕಟ್ಟಡವನ್ನು ನೋಡಿದರೆ ಅದರಲ್ಲಿ ವಿವೇಕವಿದೆ. ಅಲ್ಲಿ ಸಂಖ್ಯೆಯು ಯೋಗ್ಯತೆಯನ್ನಷ್ಟೇ ಹೇಳುತ್ತದೆ; ನಗರತ್ವವನ್ನು ಕೊಡುವದು ಸಮ್ಮತಿ. ಕನ್ಯೆಗೆ ಇಷ್ಟು, ವರನಿಗೆ ಇಷ್ಟು ವರ್ಷ ತುಂಬಿರಬೇಕೆಂದು ಕಾಯಿದೆಯು ಮದುವೆಗೆ ವಯಸ್ಸನ್ನು ಗೊತ್ತುಪಡಿಸಿದೆ; ಹಾಗೆಂದು ವಯಸ್ಸು ತುಂಬಿದವರಿಗೆಲ್ಲ ಮದುವೆಯಾಗಿ ಹೋಯಿತೆಂದು ಯಾವ ಪುರೋಹಿತನೂ ಹೇಳನು. ಊರುಗಳ ವಿಷಯದಲ್ಲಿ ಮಾತ್ರ ಜನ ಮೂರು ಲಕ್ಷವಾದುದೇ ಮಾಂಗಲ್ಯಧಾರಣೆಯಾಗಿಬಿಡುತ್ತದೆ.

ಇದಕ್ಕೆ ಪೂರ್ವಪಕ್ಷವು ದುರ್ಬಲವಾದುದಲ್ಲ. ಯಾರನ್ನು ಕೇಳಬೇಕು? ಧಾರವಾಡದವರನ್ನು ಮಾತ್ರವೋ, ಹುಬ್ಬಳ್ಳಿಯವರನ್ನೂ ಕೂಡಿಯೋ? ೨೦೨೧ರ ಚುನಾವಣೆಯಲ್ಲಿ ಪಾಲಿಕೆಗೆ ಎಂಬತ್ತೆರಡು ವಾರ್ಡುಗಳಿದ್ದವು. ವಿಭಜನೆಯ ಯೋಜನೆಯಲ್ಲಿ ಇಪ್ಪತ್ತಾರು ಧಾರವಾಡಕ್ಕೆ, ಐವತ್ತಾರು ಹುಬ್ಬಳ್ಳಿಗೆ. ಎಲ್ಲರನ್ನೂ ಕೂಡಿಸಿ ಕೇಳಿದರೆ ದೊಡ್ಡಣ್ಣನ ಮಾತೇ ನಡೆಯುವದು. ಚಿಕ್ಕವನ ಮನೆಯ ವಿಷಯವನ್ನು ದೊಡ್ಡವನೇ ನಿರ್ಣಯಿಸಿದಂತೆ. ಧಾರವಾಡವೊಂದನ್ನೇ ಕೇಳಿದರೆ, ನಾಳೆ ಧಾರವಾಡದೊಳಗಿನ ಒಂದು ಬಡಾವಣೆಯು ತನ್ನನ್ನೂ ಹಾಗೆಯೇ ಕೇಳಬೇಕೆನ್ನುವದು, ನಾಡಿದ್ದು ಒಂದು ಓಣಿಯು. ತಾರ್ಕಿಕರು ಇದನ್ನು ಅನವಸ್ಥೆಯೆನ್ನುವರು. ಇದಕ್ಕಿಂತ ಕೆಟ್ಟದ್ದೊಂದಿದೆ. ಸಿರಿವಂತರ ಬಡಾವಣೆಗಳು ತಮ್ಮ ಕಂದಾಯವು ಬಡವರ ಓಣಿಯ ಚರಂಡಿಗೆ ಸೋರದಿರಲೆಂದೇ ಬೇರೆಯಾಗಲು ಸಮ್ಮತಿಸಬಹುದು. ಅಂಥ ಸಮ್ಮತಿಯು ಬಹುಮತದ್ದಾದರೂ ಧರ್ಮ್ಯವೆನಿಸದು. ಧಾರವಾಡದ ಬೇಡಿಕೆಯು ಆ ಜಾತಿಯದಲ್ಲವೆಂಬುದನ್ನು ಒಪ್ಪಬೇಕು. ಅಲ್ಲಿಯವರ ಹಲವು ವರ್ಷಗಳ ದೂರು, ಸಂಪತ್ತನ್ನು ಬಚ್ಚಿಡುವವರದಲ್ಲ, ಪಾಲು ಸರಿಯಾಗಿ ಬರಲಿಲ್ಲವೆಂಬವರದು. ಆದರೂ ನ್ಯಾಯವು ಒಂದು ಊರಿಗೆಂದು ಹೇಳುವಂಥದಲ್ಲ. ಬೆಂಗಳೂರು ೨೦೦೭ರಲ್ಲಿ ಸುತ್ತಲಿನ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ನುಂಗಿ ಬೃಹತ್ತಾಗಿ, ೨೦೨೫ರ ಸೆಪ್ಟೆಂಬರದಲ್ಲಿ ಐದು ಪಾಲಿಕೆಗಳಾಗಿ ಒಡೆದಾಗಲೂ ಇದೇ ಪ್ರಶ್ನೆಗೆ ಉತ್ತರ ಬೇಕಾಗಿತ್ತು. ಅಲ್ಲಿಯೂ ಕೂಡಿಸಿದ್ದು ಸರಕಾರ, ಒಡೆದದ್ದೂ ಸರಕಾರ.

ಸಿದ್ಧಾಂತವು ಇದರಿಂದ ಕುಗ್ಗಬೇಕಾಗಿಲ್ಲ, ಸ್ವಲ್ಪ ಸ್ಪಷ್ಟವಾಗಬೇಕು. ಅವಿಭಕ್ತ ಕುಟುಂಬದ ಪಾಲಿನ ಸಮಯದಲ್ಲಿ ಹಿರಿಯರು ಎರಡು ಮಾತುಗಳನ್ನು ಬೇರೆಬೇರೆಯಾಗಿ ಇಡುತ್ತಿದ್ದರು. ಬೇರೆ ಒಲೆ ಹೂಡುವದಕ್ಕೆ ಹೊರಟವನ ಇಚ್ಛೆ ಸಾಕು. ಮನೆಯ ಸಾಲ ತೀರಿಸುವದಕ್ಕೆ ಮತ್ತು ಮುದುಕಿ ತಾಯಿಯನ್ನು ನೋಡಿಕೊಳ್ಳುವದಕ್ಕೆ ಯಾರ ಇಚ್ಛೆಯನ್ನೂ ಕೇಳುತ್ತಿರಲಿಲ್ಲ. ನಗರಗಳಲ್ಲಿಯೂ ಹಾಗೆಯೇ ವಿಂಗಡಿಸಬಹುದು. ಯಾರೊಡನೆ ಕೂಡಿ ಒಂದು ಊರಾಗಬೇಕೆಂಬುದು ಗೆರೆಯು ಯಾರ ಮನೆಯ ಮೇಲೆ ಹಾದುಹೋಗುವದೋ ಅವರ ಸಮ್ಮತಿಯ ವಿಷಯ. ಕೂಡಿ ಮಾಡಿದ ಋಣವು, ಕೂಡಿ ಕುಡಿದ ನೀರು, ಕೂಡಿ ದುಡಿಸಿಕೊಂಡ ಪೌರಕಾರ್ಮಿಕರ ನಿವೃತ್ತಿವೇತನ ಇವು ಸಮ್ಮತಿಗೆ ಬಿಡತಕ್ಕವಲ್ಲ. ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಹೊರಟು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಈ ಕಡೆಗೆ ಬರುವಾಗ ಇಪ್ಪತ್ತಾರನೆಯ ವಾರ್ಡು ಎಲ್ಲಿ ಮುಗಿಯಿತು, ಇಪ್ಪತ್ತೇಳನೆಯದು ಎಲ್ಲಿ ತೊಡಗಿತು ಎಂಬುದನ್ನು ನೋಡಿಕೊಂಡು ಹರಿಯುವದಿಲ್ಲ. ಬೇಸಿಗೆಯಲ್ಲಿ ಅದು ಎಷ್ಟು ದಿನಕ್ಕೊಮ್ಮೆ ಯಾರ ನಳಕ್ಕೆ ಬರಬೇಕೆಂಬುದನ್ನು ಗೆರೆ ಎಳೆದ ಮೇಲೆಯೂ ಎರಡೂ ಊರಿನವರು ಒಂದೇ ಚಾಪೆಯ ಮೇಲೆ ಕುಳಿತು ಮಾತಾಡಬೇಕಾಗುವದು. ಪಾಲಾದ ಅಣ್ಣತಮ್ಮಂದಿರ ಬಾವಿಯಂತೆ.

ಎಲ್ಲಕ್ಕಿಂತ ಕಠಿಣವಾದದ್ದು ನಡುವಿನವರ ಸಂಗತಿ. ಧಾರವಾಡದ ಮಾಳಮಡ್ಡಿಯಲ್ಲಿ ಇರುವವನಿಗೆ ತಾನು ಯಾವ ಊರಿನವನೆಂಬ ಸಂದೇಹವಿಲ್ಲ. ದುರ್ಗದ ಬೈಲಿನವನಿಗೂ ಇಲ್ಲ. ನವನಗರದ ಮನೆಗಳನ್ನು ಎರಡು ಊರುಗಳು ಒಂದಾಗಲೆಂದೇ ಕಟ್ಟಿದ್ದು. ಎರಡು ಊರುಗಳು ಬೇರೆಯಾದರೆ ಆ ಮನೆಗಳಿಗೆ ಹುಟ್ಟಿದ ಕಾರಣವೇ ಇಲ್ಲದಂತಾಗುವದು. ಉಣಕಲ್ಲಿನಲ್ಲಿ ಚಾಲುಕ್ಯರ ಕಾಲದ ಚಂದ್ರಮೌಳೀಶ್ವರನ ಗುಡಿಯಿದೆ. ಆ ಊರು ನಗರಸಭೆಗಳೆಂಬವು ಹುಟ್ಟುವ ಎಷ್ಟೋ ಶತಮಾನಗಳ ಹಿಂದೆಯೇ ತನ್ನ ಹೆಸರಿನಿಂದ ಇದ್ದದ್ದು. ಅವಳಿ ನಗರವೆಂಬ ಶಬ್ದದಲ್ಲಿಯೂ, ಅದರ ವಿಭಜನೆಯ ಮಾತಿನಲ್ಲಿಯೂ ಎರಡು ಹೆಸರುಗಳಷ್ಟೇ ಕೇಳಿಬಂದವು. ಕರಡು ಅಧಿಸೂಚನೆಯಾದ ಬಳಿಕ ಆಕ್ಷೇಪಣೆ ಸಲಹೆಗಳನ್ನು ಬರೆದು ಸಲ್ಲಿಸಬಹುದೆಂಬ ಅವಕಾಶವನ್ನು ಕಾಯಿದೆಯು ಇಟ್ಟಿರುವದು ನಿಜ. ಆದರೆ ಆಕ್ಷೇಪಣೆಯು ಬೇಡವೆನ್ನುವವನ ಬಾಯಿ. ಹೌದೆನ್ನುವವನಿಗೂ, ಮೂರನೆಯದೊಂದು ದಾರಿಯನ್ನು ಸೂಚಿಸುವವನಿಗೂ ಕುಳಿತು ಮಾತಾಡುವ ಚಾವಡಿ ಬೇಕು. ಕನ್ನಡ ನಾಡಿನ ಶಾಸನಗಳಲ್ಲಿ ನಗರ ಅಥವಾ ನಖರವೆಂಬ ಶಬ್ದವು ಎಷ್ಟೋ ಕಡೆ ಸ್ಥಳಕ್ಕೆ ಸಲ್ಲದೆ, ಕೂಡಿ ನಿರ್ಣಯಿಸಿ ದತ್ತಿಗಳನ್ನು ಬಿಡುತ್ತಿದ್ದ ವರ್ತಕರ ಸಂಘಕ್ಕೆ ಸಲ್ಲುತ್ತದೆ. ಆ ಸಂಘದಲ್ಲಿ ಕೂಲಿಯವನಿಗೆ ಜಾಗವಿರಲಿಲ್ಲವೆಂಬುದನ್ನು ನೆನಪಿಟ್ಟುಕೊಂಡೇ, ಆ ಶಬ್ದದ ಹಳೆಯ ಅರ್ಥವನ್ನು ನವಲೂರಿನ ತೋಟದವನಿಗೂ ನವನಗರದ ಗುಮಾಸ್ತನಿಗೂ ಹಿಗ್ಗಿಸಿ ನೋಡಿದರೆ, ಅಧಿಸೂಚನೆಯ ಅಂಕಿಗಳ ಪಕ್ಕದಲ್ಲಿ ಇನ್ನೊಂದು ಕಲಮು ಖಾಲಿಯಿರುವದು ಕಂಡುಬರುತ್ತದೆ: ಇಷ್ಟು ಜನ, ಇಷ್ಟು ಸಾಂದ್ರತೆ, ಇಷ್ಟು ಉತ್ಪನ್ನ, ಬೇಸಾಯವನ್ನು ಬಿಟ್ಟವರು ಇಷ್ಟು, ಕೂಡಿ ಕುಳಿತು ಒಪ್ಪಿದವರು ಎಷ್ಟು?